ಮೇಜಿಗೆ ಮೊದಲ ಹಿಡಿ

ಮೊದಲ ಏಟು ನನ್ನದು. ಇದನ್ನು ಮೊದಲೇ ಹೇಳಿಬಿಡಬೇಕು. ಈ ಪ್ರಸಂಗವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿ ಸಲವೂ ಮುನಿರಾಜು ಕಡೆಯವರು ಬಾಗಿಲು ಒದ್ದು ಒಳಗೆ ನುಗ್ಗಿದಲ್ಲಿಂದ ಶುರು ಮಾಡಿದ್ದೇನೆ. ಅದು ಸುಳ್ಳಲ್ಲ, ಅರ್ಧ ಮಾತ್ರ.

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಕೆಂಪಾಪುರದಲ್ಲಿ ಸ್ವಂತ ಬೇಕರಿ ನಡೆಸುತ್ತಿದ್ದೆ. ಅದಕ್ಕೂ ಮೊದಲು ಯಶವಂತಪುರದ ಕಡೆ ಒಂದು ಬಿಸ್ಕತ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದೆ. ಕಾರ್ಖಾನೆಯಲ್ಲಿ ಹಿಟ್ಟನ್ನು ಯಂತ್ರ ಮುಟ್ಟುತ್ತದೆ, ಮನುಷ್ಯರು ಕಾಗದ ಮುಟ್ಟುತ್ತಾರೆ. ಹಿಟ್ಟು ಕೈಯಲ್ಲಿ ಹೇಗೆ ಕೂರಬೇಕೆಂದು ನನಗೆ ಕಲಿಸಿದವರು ರಾಚಪ್ಪ ಮಾಸ್ಟರ್. ಹಾಸನದ ಕಡೆಯವರು, ಅರವತ್ತೊಂದು ವರ್ಷ, ಬಾಯಿ ಕಡಿಮೆ. ಬೇಕರಿ ತೆರೆದ ದಿನದಿಂದಲೂ ನನ್ನ ಜೊತೆಗಿದ್ದರು. ನಾನೋ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುವವಳು. ಟ್ರೇ ಬಿದ್ದರೆ ಕಿರುಚುತ್ತಿದ್ದೆ, ಬೀಳದಿದ್ದರೂ ಕಿರುಚುತ್ತಿದ್ದೆ.

ಮಾಸ್ಟರ್ ಕಲಿಸಿದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಬೆಳಿಗ್ಗೆ ಯಾರು ಮೊದಲು ಒಳಗೆ ಬರುತ್ತಾರೋ ಅವರು ಡಬ್ಬಿಯಿಂದ ಒಂದು ಹಿಡಿ ಮೈದಾ ತೆಗೆದು ಮೇಜಿನ ಮೇಲೆ ಉದುರಿಸಿ, ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಆಮೇಲೆಯೇ ಕೆಲಸ. ಹಿಟ್ಟು ಅಂಟಬಾರದೆಂಬ ಉಪಯೋಗವೂ ಆಯಿತು, ಅನ್ನ ಕೊಡುವ ಮೇಜಿಗೆ ನಮಸ್ಕಾರವೂ ಆಯಿತು. ವರ್ಷಗಟ್ಟಲೆ ಮಾಡಿದ ಮೇಲೆ ಅದನ್ನು ಮಾಡುತ್ತಿದ್ದೇವೆಂದೇ ಗೊತ್ತಾಗುವುದಿಲ್ಲ, ಚಪ್ಪಲಿ ಬಿಡುವ ಹಾಗೆ.

ಆ ಬೇಸಿಗೆಯಲ್ಲಿ ಮುನಿರಾಜು ಬಂದರು. ಬೆಂಗಳೂರಿನ ಅಂಚಿನದೇ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಮನೆತನ, ರಾಗಿ ಬೆಳೆದ ಹೊಲದಲ್ಲೇ ಈಗ ಅಪಾರ್ಟ್‌ಮೆಂಟ್ ಎಬ್ಬಿಸಿದವರು. ಮೊಮ್ಮಗಳು ಹಂಸಳಿಗೆ ಗೋಧಿ, ಹಾಲು, ಮೊಟ್ಟೆ ಮೂರಕ್ಕೂ ಅಲರ್ಜಿ. ಯಲಹಂಕದ ಅವಳ ಶಾಲೆಯಲ್ಲಿ ಅರ್ಜೆಂಟೀನಾದಿಂದ ಬಂದ ಟೀಚರೊಬ್ಬರು ತಮ್ಮ ಊರಿನ ಬಿಸ್ಕತ್ತನ್ನು ಮಕ್ಕಳಿಗೆಲ್ಲ ಹಂಚಿದ್ದರು. ಅಲ್ಫಾಹೋರೆಸ್ ಎನ್ನುತ್ತಾರೆ. ಬಾಯಿಗಿಟ್ಟರೆ ಪುಡಿಯಾಗುವ ಎರಡು ಬಿಸ್ಕತ್ತು, ನಡುವೆ ಹಾಲು ಸಕ್ಕರೆ ಕುದಿಸಿ ಇಂಗಿಸಿದ ಕಂದು ಬಣ್ಣದ ಪಾಕ, ಸುತ್ತ ಕೊಬ್ಬರಿ ತುರಿ. ಬೆಣ್ಣೆ, ಮೊಟ್ಟೆ, ಮೈದಾ, ಹಾಲು, ಅಂದರೆ ಆ ಮಗುವಿಗೆ ಬೇಡದ್ದೆಲ್ಲ ಅದರಲ್ಲಿತ್ತು.

“ನಮ್ ಮಗು ಒಬ್ಳೇ ಕೈ ಕಟ್ಕೊಂಡು ಕೂತಿದ್ಲಂತೆ ಕಣಮ್ಮ,” ಎಂದರು ಮುನಿರಾಜು. “ಅವಳ ಹುಟ್ಟಿದಬ್ಬಕ್ಕೆ ಅದ್ನೇ ಮಾಡ್ಕೊಡು. ಇಂಗೆ ಇನ್ನೊಂದ್ ಸಲ ಆಗಬಾರ್ದು.”

ಆರಡಿ ಆಳು, ಕತ್ತಿನಲ್ಲಿ ಬೆರಳು ದಪ್ಪದ ಚೈನು, ಹೇಳುತ್ತ ಕಣ್ಣೊರೆಸಿಕೊಂಡರು. ನಾನು ಒಪ್ಪಿಕೊಂಡೆ.

ಒಪ್ಪಿಕೊಂಡಷ್ಟು ಸುಲಭವಾಗಿ ಬಿಸ್ಕತ್ತು ಒಪ್ಪಲಿಲ್ಲ. ಹಿಟ್ಟನ್ನು ಹಿಡಿದಿಡುವುದು ಗೋಧಿಯ ಗ್ಲುಟೆನ್ ಎಂಬ ಪ್ರೋಟೀನು. ಅದಿಲ್ಲದ ಹಿಟ್ಟು ಒಣ ಮಣ್ಣಿನಂತೆ ಉದುರುತ್ತದೆ. ಬೆಣ್ಣೆಯ ಬದಲು ಕೊಬ್ಬರಿ ಎಣ್ಣೆ ಹಾಕಿದರೆ ಏಪ್ರಿಲ್ ಸೆಕೆಗೆ ಕರಗಿ ಮೇಜಿಗೆಲ್ಲ ಹರಡುತ್ತದೆ. ಹದಿನೆಂಟು ಸಲ ಕೆಟ್ಟಿತು. ಒಂದು ಸಲ ಲಟ್ಟಣಿಗೆಯನ್ನು ಗೋಡೆಗೆ ಎಸೆದೆ, ಗಾರೆ ಉದುರಿತು. ಹತ್ತೊಂಬತ್ತನೆಯ ಸಲ ಮುನ್ನೂರು ಗ್ರಾಂ ಕಾರ್ನ್‌ಫ್ಲೋರ್, ನೂರೈವತ್ತು ಗ್ರಾಂ ಅಕ್ಕಿಹಿಟ್ಟು, ಅಂಟಿಗೆ ಎಂಟು ಗ್ರಾಂ ಇಸಬಗೋಲು, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ಕೊಬ್ಬರಿ ಎಣ್ಣೆ ಕೂಡಿತು. ನೂರ ಅರವತ್ತು ಡಿಗ್ರಿ, ಹನ್ನೊಂದು ನಿಮಿಷ. ಪಾಕಕ್ಕೆ ಗಟ್ಟಿ ಕಾಯಿಹಾಲು, ಬೆಲ್ಲ, ಎರಡೂವರೆ ಗಂಟೆಯ ಸಣ್ಣ ಉರಿ. ಮಾಸ್ಟರ್ ರುಚಿ ನೋಡಿ ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಅದೇ ಚಪ್ಪಾಳೆ.

ಈ ಕೆಲಸಕ್ಕೆಂದೇ ಪಕ್ಕದ ಸ್ಟೋರ್ ರೂಮ್ ಖಾಲಿ ಮಾಡಿಸಿ, ಗಾಜಿನ ಬಾಗಿಲು ಹಾಕಿಸಿ, ಹೊಸ ಮೇಜು, ಹೊಸ ಲಟ್ಟಣಿಗೆ, ಹೊಸ ಪಾತ್ರೆ ತರಿಸಿದ್ದೆ. ಮೈದಾ ಮುಟ್ಟಿದವರಿಗೆ ಪ್ರವೇಶವಿಲ್ಲ. ಮೇಜು ಬಂದ ದಿನ ಮಾಸ್ಟರ್ ಬಾಗಿಲಲ್ಲಿ ನಿಂತು, ಹೊಸ ಮೇಜಿಗೆ ಮೊದಲ ಹಿಡಿ ಯಾವ ಹಿಟ್ಟು ಹಾಕಬೇಕು, ಅಕ್ಕಿಹಿಟ್ಟು ಹಾಕೋಣವೇ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ನನಗೆ ಹಿಡಿ ಎಂದದ್ದು ಮೈದಾ ಎಂದೇ ಕೇಳಿಸಿ ಮೈ ಉರಿಯಿತು. ಕೆಲಸದವರೆಲ್ಲರ ಮುಂದೆ ಕೂಗಾಡಿದೆ.

“ಈ ರೂಮಿನ ವಿಷ್ಯಕ್ಕೆ ನೀವು ಬಾಯಿ ಹಾಕ್ಬೇಡಿ ಮಾಸ್ಟ್ರೇ. ಏನ್ ಕಂಡ್ರೂ ಬಾಯಿ ಮುಚ್ಕೊಂಡಿರಿ.”

ಅವರು ಆಗಲಿ ಎಂದು ಹೋಗಿ ಬನ್ ತಟ್ಟತೊಡಗಿದರು.

ಹುಟ್ಟುಹಬ್ಬದ ಬೆಳಿಗ್ಗೆ ನಾನೇ ಮೊದಲು ಬಂದೆ. ಬಂದವಳೇ ಗಾಜಿನ ಬಾಗಿಲಿನ ಸಣ್ಣ ರೂಮಿನಲ್ಲಿ ಪಾಕಕ್ಕೆ ಒಲೆ ಹಚ್ಚಿದೆ. ಅಷ್ಟರಲ್ಲಿ ಮಾಸ್ಟರೂ ಬಂದರು. ಆಮೇಲೆ ನಡೆದದ್ದರಲ್ಲಿ ನನಗೆ ನೆನಪಿದ್ದದ್ದು ಇಷ್ಟೇ: ದೊಡ್ಡ ಅಡುಗೆಮನೆಯಲ್ಲಿದ್ದಾಗ ಪಾಕ ತಳ ಹಿಡಿದ ವಾಸನೆ ಬಂತು, ಓಡಿಹೋಗಿ ಎಡಗೈಯಲ್ಲಿ ತಿರುವಿದೆ, ಪಾಕ ಉಳಿಯಿತು. ಬಿಸ್ಕತ್ತು ಲಟ್ಟಿಸಿದೆ, ಬೇಯಿಸಿದೆ, ಅಂಟಿಸಿದೆ. ಮೇಜು, ಪಾತ್ರೆ ಒರೆಸಿ ಗ್ಲುಟೆನ್ ಪತ್ತೆ ಹಚ್ಚುವ ಪಟ್ಟಿ ನನ್ನ ಬಳಿ ಇತ್ತು. ಹಿಂದಿನ ದಿನ ಸಂಜೆ ನೋಡಿದ್ದೆ, ಶುದ್ಧವಾಗಿತ್ತು. ಅವತ್ತಿನದನ್ನು ನೋಡಲಿಲ್ಲ. ಮಧ್ಯಾಹ್ನ ನಲವತ್ತೆಂಟು ಅಲ್ಫಾಹೋರೆಸ್ ಡಬ್ಬಿಗೆ ತುಂಬಿ ಸಿಂಗಾಪುರಕ್ಕೆ ಕಳಿಸಿದೆ.

ಸಂಜೆ ಐದರ ಹೊತ್ತಿಗೆ ಫೋನು. ಹಂಸ ಒಂದನ್ನು ತಿಂದು ಎರಡನೆಯದನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ತುಟಿ ಊದಿತ್ತು, ಉಸಿರು ಸಿಕ್ಕಿಕೊಂಡಿತ್ತು. ಅವಳ ತಾಯಿ, ಇಂಥ ಹೊತ್ತಿಗೆಂದೇ ಮನೆಯಲ್ಲಿಟ್ಟಿದ್ದ ಇಂಜೆಕ್ಷನ್ನನ್ನು ತೊಡೆಗೆ ಚುಚ್ಚಿ ಹೆಬ್ಬಾಳದ ಆಸ್ಪತ್ರೆಗೆ ಕರೆದೊಯ್ದಿದ್ದರು. ಮಗು ಐಸಿಯುನಲ್ಲಿದೆ ಎಂದು ಹೇಳಿ ಆ ಕಡೆಯ ಹೆಣ್ಣು ದನಿ ಅಳತೊಡಗಿತು.

ಫೋನಿಟ್ಟು ಹೊಸ ಮೇಜನ್ನು ಪಟ್ಟಿಯಿಂದ ಒರೆಸಿದೆ. ಐದು ನಿಮಿಷಕ್ಕೆ ಕೆಂಪು ಗೆರೆ ಮೂಡಿತು. ಗೋಧಿ ಇದೆ ಎಂದು ಅರ್ಥ. ನನಗೆ ಮೊದಲ ಹಿಡಿಯ ಮಾತು ನೆನಪಾಯಿತು. ಬೇಡವೆಂದರೂ ಕದ್ದು ಹಾಕಿದ್ದಾನೆ ಮುದುಕ ಎಂದುಕೊಂಡೆ. ಎಂದುಕೊಂಡದ್ದಷ್ಟೇ ಅಲ್ಲ, ಪ್ರಮಾಣ ಮಾಡಲೂ ಸಿದ್ಧಳಿದ್ದೆ.

ಹೋಗಿ ಅವರ ಎದುರು ಪಟ್ಟಿ ಹಿಡಿದೆ. “ನೀನೇ ತಾನೆ ಹಾಕಿದ್ದು?” ಎಂದೆ. ಅಷ್ಟು ವರ್ಷದಲ್ಲಿ ಅವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವರು ನಾನಲ್ಲ ಎಂದರು. ಇನ್ನೇನೋ ಹೇಳಲು ಬಾಯಿ ತೆರೆದರು. ಆ ತೆರೆದ ಬಾಯಿಗೇ ಹೊಡೆದೆ. ಅಂಗೈ ಪೂರ್ತಿ ಬಿತ್ತು. ಕನ್ನಡಕ ಹಾರಿ ಓವನ್ನಿನ ಅಡಿಗೆ ಹೋಯಿತು, ಹಲ್ಲಿಗೆ ತಾಗಿ ತುಟಿ ಒಡೆದು ರಕ್ತ ಬಂತು. ಒಂದಕ್ಕೆ ನಿಲ್ಲಲಿಲ್ಲ, ಮತ್ತೊಂದು ಹೊಡೆದೆ. ಎರಡನೆಯದಕ್ಕೆ ನನ್ನ ಕೈಯೇ ಉರಿಯಿತು.

ಆಗಲೇ ಬಾಗಿಲು ಒದ್ದ ಶಬ್ದವಾದದ್ದು. ಮುನಿರಾಜು ಮತ್ತು ನಾಲ್ಕು ಜನ. ಅವರು ಕಂಡದ್ದು ನಾನು ಮಾಸ್ಟರಿಗೆ ಹೊಡೆಯುತ್ತಿರುವುದನ್ನು. ಯಾರು ಮಾಡಿದ್ದು ಎಂದು ಅವರು ಕೇಳಬೇಕಾಗಿಯೇ ಬರಲಿಲ್ಲ. ಒಬ್ಬ ಶೋಕೇಸಿನ ಗಾಜಿಗೆ ಕುರ್ಚಿ ಬೀಸಿದ. ಇನ್ನೊಬ್ಬ ಮಾಸ್ಟರ ಕಾಲರು ಹಿಡಿದು ನೆಲಕ್ಕೆ ಕೆಡವಿದ. ಹೊಟ್ಟೆಗೆ ಒದ್ದರು, ಬೆನ್ನಿಗೆ ಒದ್ದರು. ಮೈದಾ ಡಬ್ಬಿ ಉರುಳಿ ನೆಲವೆಲ್ಲ ಬೆಳ್ಳಗಾಗಿ, ಅದರ ಮೇಲೆ ರಕ್ತ ಬಿದ್ದು ಮುದ್ದೆ ಮುದ್ದೆಯಾಯಿತು. ಮಾಸ್ಟರ್ ಮುಖಕ್ಕೆ ಬಲಗೈ ಅಡ್ಡ ಹಿಡಿದರು. ಒಬ್ಬ ಸಾಗುವಾನಿ ಲಟ್ಟಣಿಗೆ ಎತ್ತಿಕೊಂಡು ಆ ಕೈ ಮೇಲೆ ಬಾರಿಸಿದ. ಮುರಿದ ಸದ್ದು ನನಗೆ ಕೇಳಿಸಿತು. ಇವತ್ತಿಗೂ ಯಾರಾದರೂ ಕಡ್ಡಿ ಮುರಿದರೆ ಅತ್ತ ತಿರುಗಿ ನೋಡುತ್ತೇನೆ.

ನಾನು ಏನು ಮಾಡುತ್ತಿದ್ದೆ? ನಿಂತಿದ್ದೆ. ಆ ಸದ್ದು ಕೇಳುವವರೆಗೂ, ಅವರಿಗೆ ಆಗಬೇಕಾದದ್ದೇ ಆಗುತ್ತಿದೆ ಎಂಬ ಹಾಗೆ ನೋಡುತ್ತ ನಿಂತಿದ್ದೆ. ಆಮೇಲೆ ಅಡ್ಡ ಬಿದ್ದೆ. ನನಗೂ ಭುಜಕ್ಕೆ ಒಂದು ಬಿತ್ತು. ಅಷ್ಟರಲ್ಲಿ ಮುನಿರಾಜು ಫೋನು ಬಡಿದುಕೊಂಡಿತು. ಮಗು ಕಣ್ಣು ಬಿಟ್ಟಿತ್ತು. ಅವರು ಅಲ್ಲೇ ಗಾಜಿನ ಚೂರುಗಳ ನಡುವೆ ಕುಕ್ಕರಿಸಿ ಅತ್ತುಬಿಟ್ಟರು.

ಮರುದಿನ ಮಧ್ಯಾಹ್ನ ಮಾಸ್ಟರನ್ನು ನೋಡಲು ಆಸ್ಪತ್ರೆಗೆ ಹೋದೆ. ಅವರ ಬಲಗೈಯಲ್ಲಿ ಎರಡು ಮೂಳೆ ಮುರಿದಿದ್ದವು, ಮಣಿಕಟ್ಟಿಗೆ ಪ್ಲೇಟು ಹಾಕಿದ್ದರು. ಕ್ಷಮಿಸಲು ಬಂದವಳಂತೆ ದೊಡ್ಡ ಮನಸ್ಸು ಮಾಡಿಕೊಂಡು ಕೂತು, ಹಾಕಿದ್ದನ್ನು ಒಪ್ಪಿಕೊಂಡುಬಿಡಿ ಎಂದೆ.

“ಹಾಕಿದ್ದು ನೀವೇ ಅಮ್ಮಾ,” ಎಂದರು ಮಾಸ್ಟರ್. “ಡಬ್ಬಿಯಿಂದ ಹಿಡಿ ತಗೊಂಡ್ರಿ, ಅಷ್ಟರಲ್ಲಿ ಪಾಕ ಸೀದ ವಾಸ್ನೆ ಬಂತು. ಮುಷ್ಟಿ ಬಿಡದೇ ಓಡಿದ್ರಿ. ಎಡಗೈಲಿ ತಿರುವಿದ್ರಿ, ಬಲಗೈಲಿ ಇದ್ದಿದ್ನ ಆ ಮೇಜಿಗೆ ಉದುರಿಸಿ ಕಣ್ಣಿಗೆ ಒತ್ಕೊಂಡ್ರಿ. ಗಾಜಿನಲ್ಲಿ ನೋಡ್ದೆ.”

ನನ್ನ ಬಲಗೈ ತಾನಾಗಿ ಮಡಿಲಲ್ಲಿ ಮುಷ್ಟಿಯಾಯಿತು. ಎಡಗೈಯಲ್ಲಿ ತಿರುವಿದ್ದು ನೆನಪಿತ್ತಲ್ಲ, ಯಾಕೆ ಎಡಗೈ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೇಜಿನ ಮೇಲೆ ಲಟ್ಟಿಸಲೆಂದು ಹರಡಿದ ಅಕ್ಕಿಹಿಟ್ಟು ಮೊದಲೇ ಇತ್ತು. ಬಿಳಿ ಮೇಲೆ ಬಿಳಿ, ಕಾಣಲಿಲ್ಲ.

ಕಂಡವರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಾಚಿಕೆಗೇಡಿ, ಆಗಲೂ ನನ್ನ ದನಿಯಲ್ಲಿ ಜೋರಿತ್ತು.

“ಏನ್ ಕಂಡ್ರೂ ಬಾಯಿ ಮುಚ್ಕೊಂಡಿರಿ ಅಂದಿದ್ರಿ. ಆ ಡಬ್ಬಿಲಿ ಮೈದಾ ಬದಲು ಅಕ್ಕಿಹಿಟ್ಟು ತುಂಬಿಟ್ಟಿರ್ಬೇಕು ಅನ್ಕೊಂಡು ಸುಮ್ನಾದೆ. ನಿನ್ನೆ ಹೇಳಕ್ ಬಾಯಿ ತೆಗ್ದೆ. ನೀವು ಬಿಟ್ರಾ?”

ಅಲ್ಲಿಂದ ನೇರ ಸಿಂಗಾಪುರಕ್ಕೆ ಹೋದೆ. ಮುನಿರಾಜು ಜಗಲಿಯ ಮೇಲಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಎದ್ದು ಕೈ ಎತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ, ಬೀಳಲಿ ಎಂದೇ ನಿಂತೆ. ಬೀಳಲಿಲ್ಲ.

“ಅಂಗಾದ್ರೆ ಆವಯ್ಯಂದು ಏನೂ ತಪ್ಪಿಲ್ವಾ?” ಎಂದರು. ಇಲ್ಲ ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾಸ್ಟರ್ ದೂರು ಕೊಟ್ಟರು. ನಾನೇ ಸಾಕ್ಷಿ ಹೇಳಿದೆ. ನನ್ನ ಹೆಸರನ್ನೂ ಬರೆಸಿ ಎಂದು ಅವರ ಹಾಸಿಗೆ ಪಕ್ಕ ನಿಂತು ಬೇಡಿಕೊಂಡೆ. ಅವರು ಬರೆಸಲಿಲ್ಲ. “ಅವರ ಏಟಿಗೆ ಕೋರ್ಟಿದೆ. ನಿಮ್ಮದನ್ನ ನೀವೇ ಇಟ್ಕೊಳಿ,” ಎಂದರು. ಅಂದಿನಿಂದ ಇಟ್ಟುಕೊಂಡಿದ್ದೇನೆ.

ಆರು ತಿಂಗಳ ಮೇಲೆ ಮಾಸ್ಟರ್ ವಾಪಸ್ ಬಂದರು, ತಮ್ಮದೇ ಒಂದು ಷರತ್ತಿನ ಮೇಲೆ. ಗಾಜಿನ ಬಾಗಿಲ ಒಳಗೆ ಸ್ಟೂಲು ಹಾಕಿಕೊಂಡು ಕೂರುವುದು, ನನ್ನ ಕೈ ನೋಡುವುದು, ಕಂಡದ್ದನ್ನು ಕಂಡ ಹಾಗೆ ಹೇಳುವುದು. ಬಲಗೈ ಬೆರಳು ಅವರಿಗೆ ಪೂರ್ತಿ ಮಡಿಸಲು ಬರುವುದಿಲ್ಲ, ಒಂದು ಹಿಡಿ ಹಿಟ್ಟು ಅದರಲ್ಲಿ ನಿಲ್ಲುವುದಿಲ್ಲ. ಪಟ್ಟಿಯ ಪರೀಕ್ಷೆ ಪ್ರತಿ ಬ್ಯಾಚಿಗೂ ಮಾಡುತ್ತಿದ್ದೆ, ಬಟ್ಟೆ ಬದಲಿಸಿ ಒಳಗೆ ಹೋಗುತ್ತಿದ್ದೆ. ಆದರೂ ಅವರು ಕೂರುತ್ತಿದ್ದರು.

ಈ ವೃತ್ತಿ ನನಗೆ ಕಲಿಸಿದ್ದನ್ನು ಹೊಸಬರಿಗೆ ಹೀಗೆ ಹೇಳುತ್ತೇನೆ: ನಿಮ್ಮ ಕೈ ಏನು ಮಾಡುತ್ತಿದೆ ಎಂದು ನಿಮಗೆ ಕಾಣುವುದಿಲ್ಲ, ಪಕ್ಕದವರಿಗೆ ಕಾಣುತ್ತದೆ. ಆ ಪಕ್ಕದವರ ಬಾಯಿ ಮುಚ್ಚಿಸಿದ ದಿನ ನೀವು ಕುರುಡರಾದಿರಿ. ಮಾಸ್ಟರ್ ವಾಪಸ್ ಬಂದ ಮೊದಲ ಬೆಳಿಗ್ಗೆಯೇ ಅದನ್ನು ಕಂಡೆ. ಸೋಪಿನಲ್ಲಿ ಮೊಣಕೈವರೆಗೂ ತೊಳೆದುಕೊಂಡು, ಮೈದಾದ ಸುಳಿವೂ ಇಲ್ಲದ ಆ ರೂಮಿನಲ್ಲಿ ಮೇಜಿನ ಮುಂದೆ ನಿಂತಿದ್ದೆ.

“ಕೈ,” ಎಂದರು ಮಾಸ್ಟರ್.

ನೋಡಿಕೊಂಡೆ. ಬಲಗೈ ಮೇಜಿನ ಮೇಲೆ ಗಾಳಿಯಲ್ಲಿತ್ತು, ಖಾಲಿ ಮುಷ್ಟಿ ಉದುರಿಸಲೆಂದು ತೆರೆದುಕೊಳ್ಳುತ್ತಿತ್ತು.