ಸಣ್ಣಸ್ವಾಮಿಯವರ ನೂರಿಪ್ಪತ್ತು ಮಹಡಿ

ಹುಣಸೂರಿನ ಆರ್ಕಿಟೆಕ್ಟ್ ಸಣ್ಣಸ್ವಾಮಿಯವರ ಆಫೀಸಿನಲ್ಲಿ ನೂರಿಪ್ಪತ್ತು ಮಹಡಿಯ ಗೋಪುರವೊಂದರ ನಕ್ಷೆ ನೆಲದಿಂದ ಹೊರಟು, ಗೋಡೆ ಸಾಲದೆ, ಚಾವಣಿಗೆ ತಿರುಗಿಕೊಂಡಿತ್ತು. ಕೊನೆಯ ಮೂವತ್ತು ಮಹಡಿ ನೋಡಬೇಕೆಂದರೆ ಕತ್ತು ನೋಯಿಸಿಕೊಳ್ಳಬೇಕು. ಪಕ್ಕದ ಆಫೀಸು ನನ್ನದು. ನಾನೂ ಆರ್ಕಿಟೆಕ್ಟೇ, ಆದರೆ ಮೂವತ್ತು-ನಲವತ್ತರ ಸೈಟು ಬಿಟ್ಟು ಮೇಲೆ ನೋಡಿದವಳಲ್ಲ.

ಅವರೂ ದಿನವೆಲ್ಲ ಅಂಥದ್ದೇ ಮನೆಗಳ ಪ್ಲಾನ್ ಬರೆಯುತ್ತಿದ್ದರು. ಆದರೆ ಎಂದೂ ಕಟ್ಟದ ಗಗನಚುಂಬಿಗಳಿಗೆಂದು ಹೊರದೇಶದವರು ನಡೆಸುವ ಸ್ಪರ್ಧೆಗೆ ವರ್ಷಕ್ಕೊಂದು ನಕ್ಷೆ ಕಳಿಸುವರು. ಒಂದು ಸಲವೂ ಗೆಲ್ಲಲಿಲ್ಲ. ಯಾಕೆ ಸರ್ ಈ ಹುಚ್ಚು ಎಂದರೆ, "ಇಲ್ಲಿ ಸಂಪು ಎಲ್ಲಿ, ದೇವ್ರ ಮನೆ ಎಲ್ಲಿ ಅಂತಾರೆ ಕಣ್ರೀ. ಅಲ್ಲಿ, ಮನುಷ್ಯ ಎಂಗೆ ಬದುಕ್ಬೇಕು ಅಂತ ಕೇಳ್ತಾರೆ. ಗೆಲ್ದಿದ್ರೆ ಬುಡಿ, ಕೇಳಿದ್ದಕ್ಕೆ ಯೋಚ್ನೆ ಮಾಡ್ದಂಗಾಯ್ತಲ್ಲ," ಎನ್ನುತ್ತಿದ್ದರು.

ಒಮ್ಮೆ ಮನೆ ಪ್ಲಾನಿಗೆಂದು ಬಂದ ಕಟ್ಟೆಮಳಲವಾಡಿಯ ಸಾಕಮ್ಮ ಚಾವಣಿ ನೋಡುತ್ತಾ ನಿಂತುಬಿಟ್ಟರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಅರ್ಧ ಆಯುಸ್ಸು ಕಳೆದ ಹೆಂಗಸು. "ಮೇಲ್ಗಡೆ ಕಿಂಡೀನೇ ಬುಟ್ಟಿಲ್ವಲ್ಲ ಸಾ? ಬಿಸಿ ಮೇಲಕ್ಕೇ ಓಯ್ತದೆ. ಅಲ್ಲಿರೋರು ಸೊಪ್ಪು ಬೆಂದಂಗೆ ಬೆಂದೋಯ್ತಾರೆ!"

ಅಲ್ಲೇ ಇದ್ದ ನಾನು ನಕ್ಕೆ. ಸಣ್ಣಸ್ವಾಮಿಯವರು ನಗಲಿಲ್ಲ, ಸ್ಟೂಲು ಹತ್ತಿ ಚಾವಣಿಯ ಮೂವತ್ತು ಮಹಡಿಯನ್ನೂ ಕಿತ್ತರು. ಬಿಸಿಗಾಳಿ ಮೇಲೇರಿ ಹೋಗುವ, ಹೊಗೆಗೂಡಿನಂಥ ಗೂಡೊಂದನ್ನು ಗೋಪುರದ ನಡುವೆ ಇಟ್ಟು ಮತ್ತೆ ಬರೆಯುವಷ್ಟರಲ್ಲಿ ಆ ವರ್ಷದ ಗಡುವು ದಾಟಿತ್ತು. ಅದೇ ಗೂಡು ಪುಟ್ಟದಾಗಿ ಸಾಕಮ್ಮನ ಮನೆಗೂ ಬಂತು. ಏಪ್ರಿಲ್ಲಿನ ಮಧ್ಯಾಹ್ನ ಆ ನಡುಮನೆಯಲ್ಲಿ ಕೂತಿದ್ದೇನೆ, ಫ್ಯಾನ್ ಬೇಕೆನಿಸಲಿಲ್ಲ. ಆ ಸ್ಪರ್ಧೆಗಳಿಂದ ಏನು ಲಾಭ ಎಂದು ನಾನು ಮತ್ತೆ ಕೇಳಲಿಲ್ಲ.

ಆದರೂ ಅವರ ಜೊತೆ ಕೂತು ಆ ಗೋಪುರಗಳ ಬಗ್ಗೆ ಜಗಳವಾಡುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಇದ್ದರೆ ನಾನಿರಬೇಕಿತ್ತು. ಕಳೆದ ವರ್ಷ ಹೊಸ ನಕ್ಷೆಯ ಸುರುಳಿ ಹಿಡಿದು ನನ್ನ ಬಾಗಿಲಿಗೆ ಬಂದರು. "ನಾಳೆ ಕಳಿಸ್ಬೇಕು ಮೇಡಂ. ಇದ್ರಲ್ಲಿ ಏನು ತಪ್ಪು ಅದೆ, ಏಳಿ. ನಾನೊಬ್ನೇ ನೋಡಿ ನೋಡಿ ಕಣ್ಣು ಮಂಕಾಗೋಗದೆ." ನನಗೆ ಪಿರಿಯಾಪಟ್ಟಣದ ಸೈಟಿಗೆ ಹೊರಡುವ ಆತುರ. ಅರ್ಧ ಬಿಚ್ಚಿ, "ತುಂಬಾ ಚೆನ್ನಾಗಿದೆ ಸರ್," ಎಂದೆ. ಅವರ ಮುಖ ಸಪ್ಪಗಾಯಿತು. "ಅಂಗಾದ್ರೆ ಸರಿ," ಎಂದು ಸುತ್ತಿಕೊಂಡು ಹೋದರು. ನಾನು ಹೊಗಳಿದ್ದೆ ಎಂದೇ ನಂಬಿದ್ದೆ.

ಅದಾದ ವಾರಕ್ಕೆ ಎದೆನೋವು ಬಂದು ತೀರಿಕೊಂಡರು. ಆಫೀಸು ಖಾಲಿ ಮಾಡುವ ದಿನ ಅವರ ಹೆಂಡತಿ ಆ ಸುರುಳಿಯನ್ನು ನನ್ನ ಕೈಗಿಟ್ಟು, "ಯಾಕೋ ಇದನ್ನ ಕಳಿಸ್ಲೇ ಇಲ್ಲ ಕಣಮ್ಮ," ಎಂದರು.

ಪೂರ್ತಿ ಬಿಚ್ಚಿದೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಮೇಡಂ ಹೇಳಿದ ತಪ್ಪುಗಳು' ಎಂದು ಬರೆದು, ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿಕೊಂಡಿದ್ದರು. ಅಂಕಿಗಳ ಮುಂದೆ ಏನೂ ಇರಲಿಲ್ಲ.