ಮತ್ತೆ ಅದೇ ದಡ

ದೆವ್ವ, ಮಾಯೆ, ಮರುಳು ಎಂದು ಯಾರಾದರೂ ಮಾತು ತೆಗೆದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ವೃತ್ತಿಯಿಂದ ನರ್ಸ್. ಮೈಸೂರಿನಲ್ಲಿ ಕಲಿಯುವಾಗ ಹಳೆಯ ವಾರ್ಡಿನ ಮೂಲೆಯ ಹಾಸಿಗೆಯ ಬಗ್ಗೆ ಜೊತೆಯವರು ಏನೇನೋ ಕಥೆ ಹೇಳುತ್ತಿದ್ದರು. ನಾನು ಬೇಕೆಂದೇ ಆ ಹಾಸಿಗೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ನ್ಯೂಜಿಲೆಂಡಿಗೆ ಬಂದ ಮೇಲೂ ಅದೇ ಬುದ್ಧಿ. ಯಾರಾದರೂ ವಿಚಿತ್ರ ಅನುಭವ ಹೇಳಿಕೊಂಡರೆ, ಒಮ್ಮೆ ಬಿಪಿ ನೋಡಿಸಿಕೊಳ್ಳಿ ಅನ್ನುತ್ತಿದ್ದೆ. ಇದನ್ನು ಓದಿ ನೀವೂ ನನಗೆ ಹಾಗೆಯೇ ಹೇಳಿದರೆ ಬೇಸರವಿಲ್ಲ. ನೋಡಿಸಿಕೊಂಡಾಗಿದೆ, ಸರಿಯಾಗಿಯೇ ಇದೆ.

ಎರಡು ಸಾವಿರದ ಹದಿನೈದರ ಆಸುಪಾಸಿನ ಮಾತು. ದೊಡ್ಡ ನಗರದ ಪಾಪಟೊಯಿಟೊಯಿ ಬಡಾವಣೆಯ ಗಿಜಿಗಿಜಿ ಸಾಕಾಗಿ ನಾನೂ ನನ್ನ ಹೆಂಡತಿ ಶೀಲಾಳೂ ದಕ್ಷಿಣ ದ್ವೀಪದ ತುದಿಯ ಒಂದು ಸಣ್ಣ ಊರಿಗೆ ಬಂದಿದ್ದೆವು. ಆ ಊರಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ಬಲ್ಲವರು ಒಬ್ಬರೇ, ನಾನು ಕೆಲಸಕ್ಕೆ ಸೇರಿದ ಪುಟ್ಟ ಆಸ್ಪತ್ರೆಯಲ್ಲಿದ್ದ ವಿಜಾಪುರದ ಕಡೆಯ ಡಾಕ್ಟರ್ ಬಶೀರ್. ಅರವತ್ತರ ಹತ್ತಿರದ ಭಾರಿ ಆಳು. ಹೆಂಡತಿ ತೀರಿಹೋಗಿದ್ದರು, ಮಗಳು ನಾವು ಬಿಟ್ಟು ಬಂದ ನಗರದ ಇನ್ನೊಂದು ಬದಿಯ ಆಲ್ಬನಿಯಲ್ಲಿದ್ದಳು. ಈ ದೇಶದಲ್ಲಿ ದೊಡ್ಡವರು ಚಿಕ್ಕವರು ಎಂಬುದೇನೂ ಇಲ್ಲವಲ್ಲ, ನೆಲ ಒರೆಸುವ ಹುಡುಗಿಯೂ ಅವರನ್ನು 'ಬ್ಯಾಶ್' ಎಂದು ಕರೆಯುತ್ತಿದ್ದಳು. ನನ್ನ ಬಾಯಿಗೆ ಮಾತ್ರ ಅದು ಬರಲೇ ಇಲ್ಲ. ನನಗೆ ಅವರು 'ಸರ್'. ಅವರು ಏನು ಹೇಳಿದರೂ ಯೋಚನೆಗೆ ಮೊದಲೇ ನನ್ನ ಬಾಯಿಂದ 'ಆಯ್ತು ಸರ್' ಎಂದು ಬಂದುಬಿಡುತ್ತಿತ್ತು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಪಳಗಿದ ನರ್ಸುಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಸರ್‌ಗೆ ಮೀನಿನ ಹುಚ್ಚು. ಟ್ರೌಟ್ ಹಿಡಿಯಲೆಂದೇ ಅವರೊಂದು ಹಳೆಯ ಡ್ರಿಫ್ಟ್ ಬೋಟ್ ಕೊಂಡರು. ತಳ ಚಪ್ಪಟೆ, ಎರಡೂ ತುದಿ ಮೇಲಕ್ಕೆ ಬಾಗಿದ್ದು, ನಡುವೆ ಹುಟ್ಟು ಹಾಕುವವನ ಆಸನ. ಅವರ ಭುಜ ನೋಯುತ್ತಿದ್ದುದರಿಂದ ಹುಟ್ಟು ನನ್ನ ಪಾಲಿಗೆ ಬಂತು. ದೋಣಿ ಮಾರಿದ ಕೆನ್ ಎಂಬ ಮುದುಕ ರೈತನೇ ನನಗೆ ಮೇಷ್ಟ್ರು. ಈ ದೋಣಿಯಲ್ಲಿ ಹೋಗುವ ದಿಕ್ಕಿಗೇ ಮುಖ ಮಾಡಿ ಕೂರಬೇಕು. ನೀರೇ ಒಯ್ಯುತ್ತದೆ, ನಾವು ಹುಟ್ಟನ್ನು ಎದೆಯತ್ತ ಎಳೆದು ವೇಗ ತಗ್ಗಿಸಬೇಕು. ಬಂಡೆಯೋ ಮರವೋ ಎದುರಾದರೆ ಹೆದರಿ ಬೇರೆ ಕಡೆ ತಿರುಗಬಾರದು. ದೋಣಿಯ ಮೂತಿಯನ್ನು ಆ ಅಪಾಯದ ಕಡೆಗೇ ತಿರುಗಿಸಿ ಹಿಂದಕ್ಕೆ ಎಳೆಯಬೇಕು, ಆಗ ದೋಣಿ ಅದರಿಂದ ದೂರ ಸರಿಯುತ್ತದೆ. ಹೇಳಲು ಸುಲಭ. ಅಪಾಯ ಕಂಡಾಗ ಅದಕ್ಕೇ ಮುಖ ಕೊಡಲು ಮೈ ಒಪ್ಪುವುದಿಲ್ಲ. ಒಂದು ಬೇಸಗೆಯೆಲ್ಲ ನಾನು ದಡದ ಪೊದೆಗಳಿಗೆ ಗುದ್ದಿಸಿ ಗುದ್ದಿಸಿ ಕಲಿತೆ, ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು.

ಕೆನ್ ಇನ್ನೊಂದು ಮಾತನ್ನೂ ಹೇಳಿದ್ದ. ಹುಟ್ಟು ಹಿಡಿದವನೇ ದೋಣಿಯ ಯಜಮಾನ, ಗಾಳ ಹಿಡಿದವರು ಬಾಯಿ ಮುಚ್ಚಿಕೊಂಡಿರಬೇಕು. ಇದು ಮಾತ್ರ ನಮ್ಮಿಬ್ಬರಿಗೂ ಹಿಡಿಸಲಿಲ್ಲ. ಸರ್ ಮುಂದೆ ಕೂತು ಗಾಳ ಬೀಸುತ್ತ 'ಎಡಕ್ಕ ತಗೋ, ಬಲಕ್ಕ ತಗೋ' ಎಂದು ರೌಂಡ್ಸಿನಲ್ಲಿ ಹೇಳುವ ಹಾಗೆ ಹೇಳುವರು, ನಾನು 'ಆಯ್ತು ಸರ್' ಎನ್ನುತ್ತ ಹಾಗೆಯೇ ಎಳೆಯುವೆ. ಆಳವಿಲ್ಲದ ಕಡೆ ದೋಣಿ ನಿಲ್ಲಿಸಿ ನನಗೂ ಗಾಳ ಬೀಸಲು ಕಲಿಸಿದರು. ನಾನು ಹಿಡಿದ ಮೊದಲ ಟ್ರೌಟನ್ನು ಶೀಲಾ ಖಾರ ಅರೆದು ಹಚ್ಚಿ ಹುರಿದಳು. ಸರ್ ತಲೆಯ ಭಾಗ ತನಗೇ ಬೇಕೆಂದು ಜಗಳವಾಡಿದರು. ಅವು ನನ್ನ ಬದುಕಿನ ಸಂತೋಷದ ದಿನಗಳು ಎಂದು ಈಗ ಅನ್ನಿಸುತ್ತದೆ.

ಮೀನಿನ ಕಾಲ ಮುಗಿಯುವ ಮುನ್ನ, ಇಲ್ಲಿ ಚಳಿ ಶುರುವಾಗುವ ಏಪ್ರಿಲಿನಲ್ಲಿ, ಕೊನೆಯ ಸಲ ಹೋದೆವು. ನದಿಯ ಹೆಸರು ಹೇಳುವುದಿಲ್ಲ, ಮೀನು ಹಿಡಿಯುವವರು ತಮ್ಮ ಜಾಗ ಬಿಟ್ಟುಕೊಡುವುದಿಲ್ಲ. ಕೆಳಗಿನ ಸೇತುವೆಯ ಹತ್ತಿರ ಸಂಜೆಗೆ ಶೀಲಾ ನಮ್ಮ ಯೂಟ್ ಗಾಡಿ ತಂದು ಕಾಯುವುದು ಎಂದು ಮಾತಾಗಿತ್ತು. ಬೆಳಗ್ಗೆ ಎಳೆ ಬಿಸಿಲಿತ್ತು. ಊಟದ ಹೊತ್ತು ಕಳೆದ ಮೇಲೆ ಮಂಜು ಇಳಿಯಿತು. ದಡದ ಹುಲ್ಲುಗಾವಲು, ಬೇಲಿ, ದನಗಳು ಒಂದೊಂದಾಗಿ ಮಾಯವಾಗಿ, ದೋಣಿಯ ಸುತ್ತ ಒಂದಿಷ್ಟು ನೀರು ಮಾತ್ರ ಉಳಿಯಿತು.

ಆಗ ಸರ್ ಗಾಳವನ್ನು ಕೆಳಗಿಟ್ಟರು. ಮುಖ ಬೆವತಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡು, ಬೇರೆ ಯಾರದೋ ಕೇಸ್ ಹೇಳುವ ಹಾಗೆ, "ಏನಂತ ಗೊತ್ತಾತಲ್ಲ ನಿನಗ?" ಎಂದರು. ನನಗೆ ಗೊತ್ತಾಗಿತ್ತು. ಹಾರ್ಟ್ ಅಟ್ಯಾಕ್. ಫೋನಿಗೆ ಸಿಗ್ನಲ್ ಇರಲಿಲ್ಲ. ಔಷಧಿಯ ಚೀಲದಿಂದ ಆಸ್ಪಿರಿನ್ ತೆಗೆದು ಅಗಿಯಲು ಕೊಟ್ಟೆ. ದೋಣಿಯ ಮುಂಭಾಗದಲ್ಲಿ, ಕಾಲು ನನ್ನ ಕಡೆ ಬರುವಂತೆ ಒರಗಿಸಿ ಮಲಗಿಸಿದೆ. ನೀವು ಒಂದು ಮಾತೂ ಆಡಬೇಡಿ, ನಾನು ಬೂಟನ್ನು ನಿಮ್ಮ ಪಾದಕ್ಕೆ ತಾಗಿಸಿಕೊಂಡಿರುತ್ತೇನೆ, ಎಚ್ಚರವಿದ್ದೀರಿ ಎಂದು ತಿಳಿಯಲು ಆಗಾಗ ಕಾಲಿನಿಂದ ಒತ್ತಿ, ಎಂದು ಹೇಳಿದೆ. ಅಷ್ಟರಲ್ಲಿ ಹುಟ್ಟು ಬಿಟ್ಟಿದ್ದ ದೋಣಿ ಒಂದು ವಿಲ್ಲೋ ಮರದ ಕೆಳಗೆ ನುಗ್ಗಿತ್ತು. ಕೊಂಬೆಯೊಂದು ಸರ್ ತಲೆಯ ಬೂದು ಟೋಪಿಯನ್ನು ಕಿತ್ತು ಸಿಕ್ಕಿಸಿಕೊಂಡಿತು. ಆ ಮರದ ಪಕ್ಕ ದಡದ ಮೇಲೆ ದನಗಳಿಗೆ ನೀರು ಕುಡಿಸಲು ಯಾರೋ ಇಟ್ಟ ಗುಲಾಬಿ ಬಣ್ಣದ ಹಳೆಯ ಬಾತ್‌ಟಬ್ ಇತ್ತು. ಟೋಪಿ ಬಿಡಿಸಲು ನಿಲ್ಲಲಿಲ್ಲ. ನನ್ನ ರೇನ್‌ಕೋಟ್ ಬಿಚ್ಚಿ ಅವರಿಗೆ ಹೊದಿಸಿ, ಅದರ ಕಾಲರನ್ನು ಬಾಯಿ ಮುಚ್ಚುವಂತೆ ಮೂಗಿನವರೆಗೆ ಎಳೆದು, ಹುಟ್ಟಿಗೆ ಕೂತೆ.

ದಡ ಹತ್ತಿ ಸಹಾಯ ಹುಡುಕಬಾರದಿತ್ತೇ ಎಂದು ನೀವು ಕೇಳಬಹುದು. ದಡ ಕಡಿದಾಗಿತ್ತು. ಆ ಭಾರದ ಮನುಷ್ಯನನ್ನು ಹೊತ್ತು ಹತ್ತಲಾರೆ, ಒಬ್ಬರನ್ನೇ ಬಿಟ್ಟು ಮಂಜಿನಲ್ಲಿ ಮನೆ ಹುಡುಕಿಕೊಂಡು ಹೋಗಲಾರೆ. ಸೇತುವೆ ಮುಟ್ಟುವುದೊಂದೇ ದಾರಿ.

ಸ್ವಲ್ಪ ಕೆಳಗೆ ನದಿ ಒಂದು ನಡುಗಡ್ಡೆಗೆ ಡಿಕ್ಕಿ ಹೊಡೆದು ಎರಡಾಗಿ ಒಡೆದಿತ್ತು. ಯಾವ ಕಡೆ ಎಂದು ನಾನು ಅನುಮಾನಿಸುವಾಗ ಮುಂದಿನಿಂದ, "ಎಡಕ್ಕ ತಗೋ" ಎಂದು ಕೇಳಿಸಿತು. ಮಾತಾಡಬೇಡಿ ಎಂದರೂ ಕೇಳುವುದಿಲ್ಲವಲ್ಲ, ಡಾಕ್ಟರುಗಳಷ್ಟು ಕೆಟ್ಟ ರೋಗಿಗಳು ಬೇರೆ ಇಲ್ಲ ಎಂದುಕೊಂಡೆ. ಬಾಯಿ ತಾನಾಗಿ "ಆಯ್ತು ಸರ್" ಎಂದಿತು. ಅವರ ಪಾದ ನನ್ನ ಬೂಟನ್ನು ಗಟ್ಟಿಯಾಗಿ ಒತ್ತಿತು. ಎಡಕ್ಕೆ ಹೋದೆ. ಇಕ್ಕಟ್ಟಾದ ಜೋರು ನೀರು ದಾಟಿ ಮತ್ತೆ ಅಗಲವಾದ ನದಿಗೆ ಬಂದೆವು.

ಹೀಗೆ ಹೋಗುತ್ತಿರುವಾಗ ಮಂಜಿನೊಳಗಿಂದ ಒಂದು ವಿಲ್ಲೋ ಮರ ಹೊರಬಂತು. ಅದರ ಪಕ್ಕದಲ್ಲಿ ಗುಲಾಬಿ ಬಾತ್‌ಟಬ್. ಇಲ್ಲಿಯ ರೈತರಿಗೆಲ್ಲ ಇದೇ ಅಭ್ಯಾಸ, ಇನ್ನೊಂದಿರಬೇಕು ಎಂದುಕೊಂಡೆ. ಆಮೇಲೆ ಕೊಂಬೆಯ ಮೇಲೆ ಟೋಪಿ ಕಂಡಿತು. ಸರ್ ಅವರ ಬೂದು ಟೋಪಿ, ಅಂಚಿಗೆ ಅವರು ಸಿಕ್ಕಿಸಿಕೊಂಡಿದ್ದ ಗಾಳದ ಕೊಕ್ಕೆಗಳೊಂದಿಗೆ.

ನದಿ ಒಂದೇ ಕಡೆಗೆ ಹರಿಯುತ್ತದೆ. ಇದನ್ನು ಬರೆಯಲೇ ನಾಚಿಕೆಯಾಗುತ್ತದೆ, ಆದರೆ ಅಲ್ಲಿ ಕೂತು ನಾನು ಇದನ್ನು ಬಾಯಿ ಬಿಟ್ಟು ನನಗೆ ನಾನೇ ಹೇಳಿಕೊಂಡೆ. ಮತ್ತೆ ಅದೇ ನಡುಗಡ್ಡೆ ಬಂತು. ಮತ್ತೆ "ಎಡಕ್ಕ ತಗೋ". ಅದೇ ಧ್ವನಿ, ನೋವಿನ ಸುಳಿವೇ ಇಲ್ಲದ ರೌಂಡ್ಸಿನ ಧ್ವನಿ. ನಾವು ಇಲ್ಲಿಗೆ ಆಗಲೇ ಬಂದಿದ್ದೆವಲ್ಲ ಎಂದು ಕೇಳುತ್ತಲೇ "ಆಯ್ತು ಸರ್" ಎಂದೂ ಅಂದೆ. ಪಾದ ಒತ್ತಿತು, ಮೊದಲಿಗಿಂತ ಜೋರಾಗಿ. ಅವರಿಗೆ ದಾರಿ ಗೊತ್ತಿದೆ, ಗೊಂದಲ ನನ್ನ ತಲೆಯದು ಎಂದು ಧೈರ್ಯ ತಂದುಕೊಂಡು ಎಡಕ್ಕೇ ಹೋದೆ. ಮತ್ತೆ ಇಕ್ಕಟ್ಟಿನ ನೀರು, ಮತ್ತೆ ಅಗಲ ನೀರು. ಮತ್ತೆ ಅದೇ ದಡ, ಅದೇ ಟಬ್ಬು, ಅದೇ ಟೋಪಿ.

ಆಗಿನ ನನ್ನ ಸ್ಥಿತಿಯನ್ನು ಹೇಗೆ ಹೇಳಲಿ? ಕೋಣೆಯಲ್ಲಿ ಕೂಡಿಹಾಕಿದ್ದರೆ ಬಾಗಿಲನ್ನಾದರೂ ಬಡಿಯಬಹುದಿತ್ತು. ಇಲ್ಲಿ ಎಲ್ಲ ತೆರೆದೇ ಇತ್ತು, ನೀರು ಹರಿಯುತ್ತಲೇ ಇತ್ತು, ನಾವು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಎದುರಿಗೆ ಒಬ್ಬ ಮನುಷ್ಯನ ಹೃದಯ ಸಾಯುತ್ತಿತ್ತು, ನಾನು ಅವರನ್ನು ಸುತ್ತಿಸುತ್ತಿದ್ದೆ. ಅಳು ಬಂತು. ಅಳುತ್ತಲೇ ಎಳೆದೆ.

ನಡುಗಡ್ಡೆ ಮತ್ತೆ ಕಂಡಿತು. "ಎಡಕ್ಕ ತಗೋ." "ಆಯ್ತು ಸರ್" ಎಂದು ಪಾದದ ಒತ್ತಿಗೆ ಕಾದೆ. ಪಾದ ಒತ್ತಲಿಲ್ಲ. ಬೂಟಿನಿಂದ ನಾನೇ ತಟ್ಟಿದೆ, ಅದು ಜೋತುಬಿದ್ದಂತೆ ಅತ್ತಿತ್ತ ಆಡಿತು. ಕಾಲು ಸತ್ತಂತಿರುವ ಮನುಷ್ಯ ಇಷ್ಟು ಸ್ಪಷ್ಟವಾಗಿ ಹೇಗೆ ಮಾತಾಡಿದರು ಎಂದೆಲ್ಲ ಯೋಚಿಸಲಿಲ್ಲ. ಇವರ ಮಾತು ಕೇಳಿದರೆ ಇವರನ್ನೇ ಕಳೆದುಕೊಳ್ಳುತ್ತೇನೆ ಎಂಬುದಷ್ಟೇ ಹೊಳೆಯಿತು. ಜೀವನದಲ್ಲಿ ಮೊದಲ ಸಲ ಒಬ್ಬ ಡಾಕ್ಟರಿಗೆ, "ಇಲ್ಲ, ಆಗಲ್ಲ" ಎಂದೆ. ದೋಣಿಯ ಮೂತಿಯನ್ನು ಎಡಗಡೆಯ ಆ ನೀರಿಗೇ ನೇರವಾಗಿ ತಿರುಗಿಸಿ, ಅದನ್ನೇ ನೋಡುತ್ತ, ಇದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆ ಎಳೆದೆ. ದೋಣಿ ಅಡ್ಡ ಸರಿದು ಬಲಗಡೆಯ ಕವಲಿಗೆ ಬಿತ್ತು. ಆ ಧ್ವನಿ ಮತ್ತೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಂಜು ತೆಳುವಾಗಿ ಸೇತುವೆ ಕಂಡಿತು, ಅದರ ಮೇಲೆ ಶೀಲಾ ಕೈ ಬೀಸುತ್ತಿದ್ದಳು.

ಸರ್ ಉಳಿದರು. ಹೆಲಿಕಾಪ್ಟರ್ ಬಂತು, ದೊಡ್ಡ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಆಮೇಲೆ ಅವರು ಕೆಲಸ ಬಿಟ್ಟು ಆಲ್ಬನಿಗೆ, ಮಗಳ ಹತ್ತಿರ ಹೋದರು.

ಮುಂದಿನ ಬೇಸಗೆಯಲ್ಲಿ ಕೆನ್‌ನನ್ನು ಕರೆದುಕೊಂಡು ಅದೇ ನದಿಗೆ ಹೋದೆ. ಟಬ್ಬು ಒಂದೇ ಇತ್ತು. ಬಣ್ಣ ಹೋದ ಟೋಪಿ ಕೊಂಬೆಯಲ್ಲೇ ಇತ್ತು. ನಡುಗಡ್ಡೆಯ ಎಡಕ್ಕೂ ಹೋದೆವು, ಬಲಕ್ಕೂ ಹೋದೆವು. ಎರಡೂ ಸೀದಾ ಸೇತುವೆಗೇ ಬರುತ್ತವೆ. ಮಂಜಿನಲ್ಲಿ ಯಾವುದೋ ಸುಳಿಗೆ ಸಿಕ್ಕಿ ಸುತ್ತಿದ್ದೀಯ, ಹೊಸಬರಿಗೆ ಹಾಗಾಗುತ್ತದೆ ಎಂದ ಕೆನ್. ಸುಳಿ ಎಲ್ಲಿದೆ ಎಂದು ತೋರಿಸಲು ಮಾತ್ರ ಅವನಿಗೂ ಆಗಲಿಲ್ಲ. ಆದರೂ ಇರಬಹುದು ಎಂದು ಒಪ್ಪಿಕೊಂಡೆ. ಒಪ್ಪಿಕೊಂಡರೆ ನಿದ್ದೆ ಬರುತ್ತಿತ್ತು.

ಆ ನಿದ್ದೆಯನ್ನು ಕಿತ್ತುಕೊಂಡವರು ಸರ್. ಒಮ್ಮೆ ಆಲ್ಬನಿಗೆ ಅವರನ್ನು ನೋಡಲು ಹೋಗಿದ್ದೆ. ಮಗಳು ಕೊಟ್ಟ ಚಹಾ ಕುಡಿಯುತ್ತ, ಅವತ್ತು ನಡುಗಡ್ಡೆಯ ಹತ್ತಿರ ಕೊನೆಯ ಸಲ ನಿಮ್ಮ ಮಾತು ಮೀರಿ ಬಲಕ್ಕೆ ಹೋದೆ, ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳಿದೆ. ಅವರು ಕಪ್ಪನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ನಾ ಯಾವಾಗ ಮಾತಾಡೀನಿ, ತಮ್ಮಾ? ನೀ ಮಾತಾಡಬ್ಯಾಡ್ರಿ ಅಂದಿ, ನಾ ಬಾಯಿ ತಗದಿಲ್ಲ. ನೀ ಒಬ್ಬನ ಸುಮ್‌ಸುಮ್ನ 'ಆಯ್ತು ಸರ್' ಅಂತಿದ್ದಿ. ಯಾರ ಜೋಡಿ ಮಾತಾಡ್ಲಿಕತ್ಯಾನ ಇಂವ ಅಂತ ನನಗ ಎದಿ ನೋವಿಗಿಂತ ಹೆಚ್ಚು ಅಂಜಿಕಿ ಬಂತು. ನೀ ಹಂಗ ಅಂದಾಗೆಲ್ಲ ಬ್ಯಾಡ, ಬ್ಯಾಡ ಅಂತ ಕಾಲಿಲೆ ಒದ್ದೆ."

ಕೊನೆಯ ಸಲ ಯಾಕೆ ಒದೆಯಲಿಲ್ಲ ಎಂದು ಕೇಳಿದೆ. ಶಕ್ತಿ ಇರಲಿಲ್ಲ, ಅಷ್ಟರಲ್ಲಿ ಎಚ್ಚರ ತಪ್ಪಿರಬೇಕು ಎಂದರು.

ಆ ಒತ್ತನ್ನು ಪ್ರತಿ ಸಲವೂ 'ಹೌದು' ಎಂದು ತಿಳಿದವನು ನಾನು. ಅದು ಬಂದಿದ್ದರೆ ಅವತ್ತು ಮತ್ತೆ ಎಡಕ್ಕೇ ಹೋಗುತ್ತಿದ್ದೆ, ಅದರ ಮುಂದಿನ ಸಲವೂ. ನಮ್ಮಿಬ್ಬರನ್ನು ಬಿಟ್ಟರೆ ಕನ್ನಡದ ಒಂದು ಅಕ್ಷರ ಬಲ್ಲವರು ಆ ನದಿಯ ಮೇಲೆ ಇರಲಿಲ್ಲ. ಹಾಗಾದರೆ ನಾನು ಅಷ್ಟು ವಿಧೇಯನಾಗಿ ಉತ್ತರ ಕೊಟ್ಟಿದ್ದು ಯಾರಿಗೆ? ಸರ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವತ್ತಿನಿಂದ ಯಾರಾದರೂ ಏನಾದರೂ ಹೇಳಿದರೆ, ಆಯ್ತು ಎನ್ನುವ ಮೊದಲು ಅವರ ಬಾಯಿ ಅಲುಗುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ.