ಗೌಡತಿಯ ಫ್ರೆಂಚ್ ಕಸ್ಟರ್ಡು

ನಮ್ಮ ಪಕ್ಕದ ಮನೆಯ ಗೌಡತಿ, ಎಂಥ ಕಷ್ಟದ ಅಡುಗೆಯ ಮಾತೆತ್ತಿದರೂ ಸೆರಗು ಸಿಕ್ಕಿಸಿ, “ಅದೇನ್ ಮಹಾ, ಬುಡು!” ಎನ್ನುತ್ತಿದ್ದಳು.

ಮಂಡ್ಯದ ಸಕ್ಕರೆ ಕಾರ್ಖಾನೆಗೆ ಬಂದಿದ್ದ ಫ್ರೆಂಚ್ ಎಂಜಿನಿಯರನ್ನು ಅವಳ ಗುಮಾಸ್ತ ಗಂಡ ಒಂದು ಸೋಮವಾರ ಊಟಕ್ಕೆ ಕರೆದು, ಅವರ ದೇಶದ ಕ್ಯಾರಮೆಲ್ ಕಸ್ಟರ್ಡೇ ಆಗಬೇಕೆಂದ.

“ಸೋಮ್ವಾರ ನಾನು ಮೊಟ್ಟೆ ಮುಟ್ಟಕಿಲ್ಲ,” ಎಂದಳು ಗೌಡತಿ.

“ಮೊಟ್ಟೆ ಇಲ್ದೆ ಎಂಗಮ್ಮಿ?”

“ಅದೇನ್ ಮಹಾ, ಬುಡು!”

ಹಿಂದಿನ ದಿನವಷ್ಟೇ ಈದಿದ್ದ ಹಸುವಿನ ಗಿಣ್ಣುಹಾಲಿಗೆ ಬೆಲ್ಲ ಕದಡಿ, ಹಬೆಯಲ್ಲಿ ಬೇಯಿಸಿ, ತಟ್ಟೆಗೆ ಮಗುಚಿದಳು. ಬಡಿಸಲು ಹೋಗಿದ್ದ ನಾನು ನೋಡಿದೆ: ಅದು ಅವಳ ಗಂಡನಷ್ಟೇ ನಡುಗುತ್ತಿತ್ತು.

ಫ್ರೆಂಚ್ ದೊರೆ ಕಣ್ಣುಮುಚ್ಚಿ ತಿಂದ. ಇನ್ನಷ್ಟು ಹಾಕಿಸಿಕೊಂಡು ತಿಂದ. ಹೆಂಡತಿಗೂ ಬರೆದು ಕಳಿಸುತ್ತೇನೆ, ಮನೆಯಲ್ಲೇ ಸುಲಭವಾಗಿ ಮಾಡುವುದು ಹೇಗೆಂದು ಗುಮಾಸ್ತನ ಮೂಲಕ ಕೇಳಿಸಿದ.

ಗೌಡತಿ ಸೆರಗು ಸಿಕ್ಕಿಸಿದಳು. “ಅದೇನ್ ಮಹಾ, ಬುಡಿ! ಮೊದ್ಲು ಹಸ ಕರ ಆಕೋ ಗಂಟ ಕಾಯಕ್ಕೇಳಿ.”